ಗಾಳಿ ಬೇಕಾದ ಬ್ಯಾಕ್ಟೀರಿಯಾ, ಗಾಳಿ ಬೇಡದ ಬ್ಯಾಕ್ಟೀರಿಯಾ: ವಿಷದ ನೀರಿಗೆ ಯಾವುದು?

ಮೊದಲು ನೀರಿನಲ್ಲಿ ಯಾವ ವಿಷ ಇದೆ ಅಂತ ಪರೀಕ್ಷೆ ಮಾಡಿಸಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಫೀನಾಲ್ (ಕಾರ್ಖಾನೆಗಳ ಕೊಳಚೆ ನೀರಿನಲ್ಲಿ ಸಿಗುವ ವಿಷಕಾರಿ ರಾಸಾಯನಿಕ) ಇದ್ದರೆ ನಾನು ಗಾಳಿ ಊದುವ ಟ್ಯಾಂಕನ್ನೇ ಆರಿಸುತ್ತೇನೆ. ಸೂಡೊಮೊನಾಸ್ ಗುಂಪಿನ ಬ್ಯಾಕ್ಟೀರಿಯಾಗಳು ಆಮ್ಲಜನಕ ಬಳಸಿ ಫೀನಾಲನ್ನು ಮೊದಲು ಕ್ಯಾಟೆಕಾಲ್ ಎಂಬ ಇನ್ನೊಂದು ರಾಸಾಯನಿಕ ಮಾಡುತ್ತವೆ, ಆಮೇಲೆ ಅದರ ಇಂಗಾಲದ ಉಂಗುರವನ್ನೇ ಒಡೆದು ತಿನ್ನುತ್ತವೆ. ಕೆಲಸ ಬೇಗ ಆಗುತ್ತದೆ. ಆದರೆ ಬ್ಲೋವರ್ ಹಗಲು ರಾತ್ರಿ ಓಡಬೇಕು. ಕರೆಂಟ್ ಖರ್ಚು ಜಾಸ್ತಿ, ಬೆಳೆದ ಬ್ಯಾಕ್ಟೀರಿಯಾಗಳಿಂದಾಗುವ ಕೆಸರೂ ಜಾಸ್ತಿ. ಒಂದೇ ಸಲಕ್ಕೆ ತುಂಬಾ ಫೀನಾಲ್ ಬಂದರೆ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬೇಕು.

ಪರ್‌ಕ್ಲೋರೋಎಥಿಲೀನ್‌ನಂಥ, ಡ್ರೈಕ್ಲೀನಿಂಗ್‌ಗೆ ಬಳಸುವ ಕ್ಲೋರಿನ್ ಇರುವ ದ್ರಾವಕ ಇದ್ದರೆ ಕತೆಯೇ ಬೇರೆ. ಗಾಳಿ ಊದಿದರೆ ಅದು ಒಡೆಯುವ ಬದಲು ಸುಮ್ನೆ ಆವಿಯಾಗಿ ಹಾರಿಹೋಗುತ್ತದೆ. ವಿಷ ನೀರು ಬಿಟ್ಟು ಗಾಳಿಗೆ ಸೇರಿದರೆ ಏನು ಲಾಭ, ಅಲ್ವಾ? ಇಲ್ಲಿ ಆಮ್ಲಜನಕವಿಲ್ಲದ, ಮುಚ್ಚಿದ ಟ್ಯಾಂಕ್ ಬೇಕು. ಡೀಹ್ಯಾಲೊಕೊಕಾಯ್ಡಿಸ್ ಬ್ಯಾಕ್ಟೀರಿಯಾ ಅದರ 4 ಕ್ಲೋರಿನ್‌ಗಳನ್ನು ಒಂದೊಂದಾಗಿ ಕಿತ್ತು, ಕೊನೆಗೆ ಎಥೀನ್ ಎಂಬ, ಕ್ಲೋರಿನ್ ಇಲ್ಲದ ಅನಿಲ ಉಳಿಸುತ್ತದೆ. ಕೆಲಸ ನಡುವೆ ನಿಂತರೆ ಮಾತ್ರ ಅಪಾಯ. ಒಂದೇ ಕ್ಲೋರಿನ್ ಉಳಿದಾಗ ಅದು ವಿನೈಲ್ ಕ್ಲೋರೈಡ್, ಕ್ಯಾನ್ಸರ್ ತರುವ ವಸ್ತು. ಹೊರಬರುವ ನೀರಿನಲ್ಲಿ ಅದನ್ನು ಅಳೆಯಲೇಬೇಕು, ದಯವಿಟ್ಟು ಬಿಡಬೇಡಿ. ಮುಚ್ಚಿದ ಟ್ಯಾಂಕಿನಲ್ಲಿ ಕೆಸರು ಕಡಿಮೆ, ಬ್ಲೋವರ್ ಬೇಡ. ಆದರೆ ಬ್ಯಾಕ್ಟೀರಿಯಾ ಹೊಂದಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು.

ಎರಡೂ ವಿಷ ಬೆರೆತಿದ್ದರೆ? ಮೊದಲು ಮುಚ್ಚಿದ ಟ್ಯಾಂಕ್, ಆಮೇಲೆ ಗಾಳಿಯ ಟ್ಯಾಂಕ್.