ಮನೆ ಕಳ್ಕೊಂಡ ಕುಟುಂಬಕ್ಕೆ ಏನು ಕೊಟ್ರೆ ಕೆಲಸ ಆಗತ್ತೆ? ಅಮೆರಿಕದ ಫ್ಯಾಮಿಲಿ ಆಪ್ಷನ್ಸ್ ಸ್ಟಡಿ ಓದಿ ಬರೆದ ರಿವ್ಯೂ

ಸರ್ಕಾರಿ ರಿಪೋರ್ಟಿಗೂ ರಿವ್ಯೂನಾ ಅಂತ ನಗಬೇಡಿ, ಇಯರ್‌ಫೋನಿಗೆ ನಾಲ್ಕು ಪ್ಯಾರಾ ಬರೆಯೋ ಜನ ನಾವು, ಕೋಟ್ಯಂತರ ಡಾಲರ್ ತೆರಿಗೆ ದುಡ್ಡು ಎಲ್ಲಿಗೆ ಹೋಗ್ಬೇಕು ಅಂತ ಹೇಳೋ ವಸ್ತುವಿಗೆ ಒಂದು ರಿವ್ಯೂ ಬರೆದ್ರೆ ತಪ್ಪೇನಿಲ್ಲ. ಡೌನ್‌ಲೋಡ್ ಪೂರ್ತಿ ಫ್ರೀ, ಲಾಗಿನ್ನೂ ಬೇಡ. ಎರಡು ಭಾಗ ಇದೆ, 2015ರಲ್ಲಿ ಬಂದ 20 ತಿಂಗಳ ರಿಪೋರ್ಟು, ಆಮೇಲೆ 2016ರಲ್ಲಿ ಬಂದ 37 ತಿಂಗಳ ರಿಪೋರ್ಟು, ಅಂದ್ರೆ ಸ್ಟಡಿಗೆ ಸೇರಿ ಅಷ್ಟು ತಿಂಗಳಾದ್ಮೇಲೆ ಕುಟುಂಬಗಳು ಹೇಗಿದ್ವು ಅನ್ನೋ ಲೆಕ್ಕ. ಒಂದೇ ಓದೋಕೆ ಟೈಮ್ ಇದ್ರೆ ಎರಡನೇದು ಓದಿ, ಕಾರಣ ಮುಂದೆ ಹೇಳ್ತೀನಿ.

ಮೊದಲು ಇದೇನು ಅಂತ. ಅಮೆರಿಕದ ವಸತಿ ಇಲಾಖೆ, ಅಲ್ಲಿಯವರು ಹಡ್ ಅಂತಾರಲ್ಲ ಅದು, 2008ರಲ್ಲಿ ಈ ಕೆಲಸ ಶುರು ಮಾಡ್ಸಿದ್ದು. ಮಾಡಿದ್ದು ಆಬ್ಟ್ ಅಸೋಸಿಯೇಟ್ಸ್ ಅನ್ನೋ ಸಂಶೋಧನಾ ಕಂಪನಿ ಮತ್ತು ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ, ಮುಖ್ಯ ಹೆಸರುಗಳು ಡೇನಿಯಲ್ ಗುಬಿಟ್ಸ್, ಮೇರಿಬೆತ್ ಶಿನ್. ಸೆಪ್ಟೆಂಬರ್ 2010ರಿಂದ ಜನವರಿ 2012ರವರೆಗೆ ಬಾಸ್ಟನ್, ಅಟ್ಲಾಂಟಾ, ಡೆನ್ವರ್, ಫೀನಿಕ್ಸ್, ಹೊನೊಲುಲು ಅಂತ ಒಟ್ಟು 12 ಕಡೆ, ಎಮರ್ಜೆನ್ಸಿ ಶೆಲ್ಟರ್‌ನಲ್ಲಿ ಕಡೇ ಪಕ್ಷ ಏಳು ರಾತ್ರಿ ಕಳೆದಿದ್ದ 2,282 ಕುಟುಂಬಗಳನ್ನ ಸೇರಿಸ್ಕೊಂಡ್ರು. ಎಲ್ಲರಿಗೂ 15 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗು ಒಂದಾದ್ರೂ ಇರಬೇಕಿತ್ತು. ಇವರ ಚಿತ್ರ ಮನಸ್ಸಲ್ಲಿ ಇಟ್ಕೊಳಿ, ಮುಕ್ಕಾಲು ಮೂರು ವಾಸಿ ಇಪ್ಪತ್ತು ಮೂವತ್ತರ ಆಸುಪಾಸಿನ ತಾಯಂದಿರು, ಒಂದೋ ಎರಡೋ ಮಕ್ಕಳು, ನಡುವಿನ ಕುಟುಂಬ ತಗೊಂಡ್ರೆ ವರ್ಷದ ಆದಾಯ 7,400 ಡಾಲರ್ ಆಸುಪಾಸು. ಅಮೆರಿಕದಲ್ಲಿ ಅಷ್ಟರಲ್ಲಿ ಬಾಡಿಗೆ ಮನೆ ಹಿಡಿಯೋದು ಆಗದ ಮಾತು, ಆ ಲೆಕ್ಕ ಹಾಕೋಕೆ ಯಾವ ಸಂಶೋಧನೆಯೂ ಬೇಡ.

ಆಮೇಲೆ ಮಾಡಿದ್ದೇ ಅಸಲಿ ವಿಷಯ, ಚೀಟಿ ಎತ್ತಿದ್ರು. ಯಾರು ಯಾವ ಗುಂಪಿಗೆ ಅಂತ ಕಂಪ್ಯೂಟರ್ ಹೇಳ್ತು, ಅಧಿಕಾರಿಗಳ ದಾಕ್ಷಿಣ್ಯ ಇಲ್ಲ, "ಇವ್ಳು ಒಳ್ಳೆಯವಳು ಕಣ್ರೀ, ಇವ್ಳಿಗೆ ಕೊಡಿ" ಅನ್ನೋದು ಇಲ್ಲ. ನಾಲ್ಕು ಗುಂಪು. ಒಂದಕ್ಕೆ ಶಾಶ್ವತ ಬಾಡಿಗೆ ಸಹಾಯ, ಹೆಚ್ಚಾಗಿ ಸೆಕ್ಷನ್ 8 ಅಂತ ಕರೆಯೋ ವೋಚರ್. ಇನ್ನೊಂದಕ್ಕೆ ರ‍್ಯಾಪಿಡ್ ರೀಹೌಸಿಂಗ್, ಅಂದ್ರೆ ಬೇಗ ಮನೆ ಹಿಡಿಸಿ ಕೆಲವು ತಿಂಗಳು, ಹೆಚ್ಚಂದ್ರೆ 18 ತಿಂಗಳು ಬಾಡಿಗೆ ಕೊಟ್ಟು ಕೈ ಬಿಡೋದು. ಮೂರನೇದು ಟ್ರಾನ್ಸಿಶನಲ್ ಹೌಸಿಂಗ್, ಒಂದು ಕಟ್ಟಡದಲ್ಲಿ 24 ತಿಂಗಳವರೆಗೆ ಇಟ್ಕೊಂಡು ಕೌನ್ಸೆಲಿಂಗು, ಮಕ್ಕಳ ಪಾಲನೆ ಪಾಠ, ಕೆಲಸ ಹುಡುಕೋ ತರಬೇತಿ ಎಲ್ಲ ಕೊಡೋದು. ನಾಲ್ಕನೇ ಗುಂಪಿಗೆ ವಿಶೇಷ ಏನೂ ಇಲ್ಲ, ಶೆಲ್ಟರ್‌ನಲ್ಲೇ ಇದ್ದು ನಿಮಗೆ ನೀವೇ ಏನು ಸಿಗತ್ತೋ ಹುಡುಕ್ಕೊಳಿ.

ಮನೆ ಇಲ್ಲದ ತಾಯಿ ಮಕ್ಕಳನ್ನ ಚೀಟಿಗೆ ಹಾಕೋದು ಕ್ರೂರ ಅಲ್ವಾ ಅಂತ ನಂಗೂ ಓದೋವಾಗ ಕಸಿವಿಸಿ ಆಯ್ತು. ಆದ್ರೆ ಅಲ್ಲಿ ಎಲ್ಲರಿಗೂ ಕೊಡುವಷ್ಟು ವೋಚರ್ ಯಾವತ್ತೂ ಇಲ್ಲ, ಇಡೀ ದೇಶದಲ್ಲಿ ಬಾಡಿಗೆ ಸಹಾಯಕ್ಕೆ ಅರ್ಹರಾದ ನಾಲ್ಕು ಮನೆಯವರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೇ ಸಿಗೋದು, ಉಳಿದೋರು ವರ್ಷಗಟ್ಟಲೆ ವೇಟಿಂಗ್ ಲಿಸ್ಟಲ್ಲಿ. ಜೊತೆಗೆ ನಾಲ್ಕನೇ ಗುಂಪಿನವರು ಬೇರೆ ಯಾವ ಸಹಾಯಕ್ಕೂ ಅರ್ಜಿ ಹಾಕ್ಬಾರ್ದು ಅಂತ ಯಾರೂ ತಡೀಲಿಲ್ಲ. ಸುಮಾರು ಜನ ತಾವಾಗೇ ಓಡಾಡಿ ವೋಚರ್ ತಗೊಂಡ್ರು ಕೂಡ. ಅದಕ್ಕೇ ಮುಂದೆ ಬರೋ ವ್ಯತ್ಯಾಸಗಳು "ಸಹಾಯ ಸಿಕ್ಕೋರು, ಏನೂ ಸಿಗದೋರು" ನಡುವಿನದಲ್ಲ, "ಸುಲಭವಾಗಿ ಸಿಕ್ಕೋರು, ಒದ್ದಾಡಿ ಹುಡುಕ್ಕೊಂಡೋರು" ನಡುವಿನದು. ಈ ಒಂದು ಮಾತು ತಲೇಲಿ ಇಟ್ಕೊಳ್ದೆ ಟೇಬಲ್ ನೋಡಿದ್ರೆ ತಪ್ಪು ಅರ್ಥ ಗ್ಯಾರಂಟಿ.

ಈಗ ಒಂದೊಂದಾಗಿ.

ವೋಚರ್. ಇದು ಹೇಗೆ ನಡೆಯತ್ತೆ ಅಂದ್ರೆ ಕುಟುಂಬ ತನ್ನ ಆದಾಯದ ಸುಮಾರು 30% ಬಾಡಿಗೆಗೆ ಹಾಕತ್ತೆ, ಒಂದು ಮಿತಿಯವರೆಗೆ ಉಳಿದಿದ್ದನ್ನ ಹೌಸಿಂಗ್ ಅಥಾರಿಟಿ, ಅಂದ್ರೆ ಆ ಊರಿನ ಸರ್ಕಾರಿ ವಸತಿ ಸಂಸ್ಥೆ, ನೇರ ಮನೆ ಓನರ್ ಅಕೌಂಟಿಗೆ ಹಾಕತ್ತೆ. ಕೇಳೋಕೆ ಸಲೀಸು. ಆದ್ರೆ ಕೈಗೆ ವೋಚರ್ ಬಂದ ತಕ್ಷಣ ಗಡಿಯಾರ ಶುರು, ಕಡೇ ಪಕ್ಷ 60 ದಿನ ಕೊಡ್ತಾರೆ, ಅಷ್ಟರಲ್ಲಿ ಒಪ್ಪೋ ಓನರ್ ಸಿಗಬೇಕು. ಅಲ್ಲಿ ಶೆಲ್ಟರ್ ಒಂದರಲ್ಲಿ ವಾಲಂಟಿಯರ್ ಆಗಿರೋ ನನ್ನ ಫ್ರೆಂಡ್ ಒಬ್ಳು ಹೇಳ್ತಿದ್ಲು, ಒಬ್ಬ ತಾಯಿ ಜೊತೆ ಕೂತು ಲಿಸ್ಟ್ ಇಟ್ಕೊಂಡು ಫೋನ್ ಮಾಡೋದು, ಮನೆ ಖಾಲಿ ಇದೆಯಾ ಅಂದ್ರೆ ಇದೆ, ಯಾವಾಗ ಬಂದು ನೋಡಬಹುದು ಅಂದ್ರೆ ನಾಳೆನೇ ಬನ್ನಿ, ಸೆಕ್ಷನ್ 8 ಅಂದ ತಕ್ಷಣ "ಅಯ್ಯೋ ನಿನ್ನೆನೇ ಕೊಟ್ಬಿಟ್ವಿ". ಆ ತಾಯಿ ಪೆನ್ನಲ್ಲಿ ಒಂದೊಂದೇ ನಂಬರ್ ಹೊಡೆದು ಹಾಕ್ತಾ, ಕೊನೆಕೊನೆಗೆ ಫೋನ್ ಎತ್ತಿದ ಕೂಡ್ಲೇ ಮೊದಲ ಮಾತಲ್ಲೇ ಸೆಕ್ಷನ್ 8 ಅಂತ ಹೇಳೋಕೆ ಶುರು ಮಾಡಿದ್ಲಂತೆ, ಟೈಮಾದ್ರೂ ಉಳಿಯಲಿ ಅಂತ. ಓನರ್ ಒಪ್ಪಿದ್ರೂ ಇನ್‌ಸ್ಪೆಕ್ಷನ್ ಇದೆ, ಕಿಟಕಿ ಚಿಲಕ, ಹೊಗೆ ಅಲಾರಂ, ಗೋಡೆಯ ಹಳೇ ಪೇಂಟ್ ಕಿತ್ತು ಬರ್ತಿದೆಯಾ ಅಂತೆಲ್ಲ ನೋಡ್ತಾರೆ, ಫೇಲಾದ್ರೆ ರಿಪೇರಿ ಮಾಡ್ಸಿ ಮತ್ತೆ ತೋರಿಸ್ಬೇಕು.

ಇಷ್ಟೆಲ್ಲ ಗೋಳು ಇದ್ರೂ ಸ್ಟಡಿಯಲ್ಲಿ ಈ ಗುಂಪಿನ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಕುಟುಂಬಗಳು ಈ ಸಹಾಯ ಬಳಸ್ಕೊಂಡ್ವು, ಬೇರೆ ಎರಡರಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ರಿಸಲ್ಟ್ ನೋಡಿ ನಾನು ಎರಡು ಸಲ ಓದ್ದೆ. 20 ತಿಂಗಳಿಗೆ ಮತ್ತೆ ಮನೆ ಕಳ್ಕೊಳ್ಳೋದು, ಯಾರದ್ದೋ ಮನೆ ಹಾಲಲ್ಲಿ ಮಲಗೋದು, ಇವೆಲ್ಲ ಅರ್ಧಕ್ಕಿಂತ ಜಾಸ್ತಿ ಕಡಿಮೆ. ಅದು ನಿರೀಕ್ಷೆ ಇದ್ದಿದ್ದೇ, ಬಾಡಿಗೆ ಕಟ್ಟಿದ್ರೆ ಮನೆ ಉಳಿಯತ್ತೆ. ನಿರೀಕ್ಷೆ ಇಲ್ಲದ್ದು ಏನಂದ್ರೆ, ಗಂಡನಿಂದಲೋ ಸಂಗಾತಿಯಿಂದಲೋ ಆಗೋ ಹೊಡೆತ ಬಡಿತ ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತು, ತಾಯಂದಿರ ಮಾನಸಿಕ ಸಂಕಟ ಕಡಿಮೆ ಆಯ್ತು, ಕುಡಿತ ಡ್ರಗ್ಸ್ ಸಮಸ್ಯೆ ಇಳೀತು, ಮಕ್ಕಳು ತಾಯಿಯಿಂದ ಬೇರೆ ಆಗೋದು ಕಡಿಮೆ ಆಯ್ತು, ಮಕ್ಕಳು ಸ್ಕೂಲಿಂದ ಸ್ಕೂಲಿಗೆ ಎಗರೋದು ಕಡಿಮೆ ಆಯ್ತು, ಊಟಕ್ಕೆ ಪರದಾಟ ಕಮ್ಮಿ ಆಯ್ತು. ಈ ವೋಚರ್ ಜೊತೆ ಕೌನ್ಸೆಲರ್ ಇಲ್ಲ, ಕ್ಲಾಸ್ ಇಲ್ಲ, ಯಾರೂ ವಾರಕ್ಕೊಮ್ಮೆ ಬಂದು ಬುದ್ಧಿ ಹೇಳಲ್ಲ. ಬರೀ ಬಾಡಿಗೆ. ಹೊಡೆಯೋನ ಮನೆ ಬಿಟ್ಟು ಹೋಗೋಕೆ ಹೋಗೋ ಜಾಗ ಒಂದು ಬೇಕಲ್ಲ ಸ್ವಾಮಿ, ಅದು ಸಿಕ್ತು ಅಂತ ನಾನು ಅರ್ಥ ಮಾಡ್ಕೊಂಡಿದ್ದು.

37 ತಿಂಗಳಿಗೂ ಮನೆಯ ವಿಷಯದ ಲಾಭ ಹಾಗೇ ಉಳಿದಿತ್ತು, ಮಕ್ಕಳ ನಡವಳಿಕೆ ಸಮಸ್ಯೆಗಳೂ ಕಡಿಮೆ ಇದ್ವು. ಅದಕ್ಕೇ ಎರಡನೇ ರಿಪೋರ್ಟ್ ಓದಿ ಅಂದಿದ್ದು. ಮೊದಲ ವರ್ಷದ ಖುಷಿ ಯಾವ ಸ್ಕೀಮಿಗೂ ಇರತ್ತೆ, ಮೂರನೇ ವರ್ಷಕ್ಕೆ ಏನು ಉಳಿದಿದೆ ಅನ್ನೋದು ಮುಖ್ಯ.

ಕಹಿ ಭಾಗನೂ ಹೇಳ್ಬೇಕಲ್ಲ. ವೋಚರ್ ಸಿಕ್ಕೋರಲ್ಲಿ ಕೆಲಸಕ್ಕೆ ಹೋಗೋರ ಪ್ರಮಾಣ 20ನೇ ತಿಂಗಳಿಗೆ ಕಡಿಮೆ ಇತ್ತು. ಇದನ್ನೇ ಹಿಡ್ಕೊಂಡು "ನೋಡಿ ಪುಕ್ಕಟೆ ಕೊಟ್ರೆ ಸೋಮಾರಿ ಆಗ್ತಾರೆ" ಅಂತ ಕುಣಿಯೋರು ಇದಾರೆ. ಅದನ್ನ ಮುಚ್ಚಿಡೋದು ಬೇಡ, ಸಂಪಾದನೆ ಏರಿದ್ರೆ ನಿಮ್ಮ ಪಾಲಿನ ಬಾಡಿಗೆಯೂ ಏರತ್ತೆ, ನೂರು ಡಾಲರ್ ಜಾಸ್ತಿ ದುಡಿದ್ರೆ ಮೂವತ್ತು ಅಲ್ಲೇ ಹೋಯ್ತು, ಆಮೇಲೆ ಮಗುನ ಡೇಕೇರ್ ಖರ್ಚು, ಬಸ್ಸು. ಚಿಕ್ಕ ಮಗು ಇರೋ ತಾಯಿ ರಾತ್ರಿ ಶಿಫ್ಟ್ ಬಿಟ್ರೆ ಅದನ್ನ ನಷ್ಟದ ಕಾಲಮ್ಮಿಗೇ ಹಾಕಬೇಕಾ ಅನ್ನೋದು ನನ್ನ ಪ್ರಶ್ನೆ, ರಿಪೋರ್ಟ್ ಇದನ್ನ ಅಷ್ಟಾಗಿ ಮುಟ್ಟಲ್ಲ.

ರ‍್ಯಾಪಿಡ್ ರೀಹೌಸಿಂಗ್ ಬಗ್ಗೆ ನಂಗೆ ತುಂಬಾ ನಿರೀಕ್ಷೆ ಇತ್ತು, ಯಾಕಂದ್ರೆ 2009ರ ಆರ್ಥಿಕ ಕುಸಿತದ ಹೊತ್ತಲ್ಲಿ ಅಮೆರಿಕ ಸರ್ಕಾರ ಮನೆ ಕಳ್ಕೊಳ್ಳೋದನ್ನ ತಡೆಯೋಕೆ ಮತ್ತು ಇದಕ್ಕೆ ಸೇರಿಸಿ 150 ಕೋಟಿ ಡಾಲರ್ ಸುರಿದಿತ್ತು, ಆಮೇಲೂ ಎಲ್ಲರೂ ಇದೇ ಭವಿಷ್ಯ ಅಂತ ಹೊಗಳಿದ್ದೇ ಹೊಗಳಿದ್ದು. ರಿಸಲ್ಟು? ಏನೂ ಕೊಡದ ಗುಂಪಿಗೂ ಇದಕ್ಕೂ ಹೆಚ್ಚಿನ ಅಳತೆಗಳಲ್ಲಿ ವ್ಯತ್ಯಾಸನೇ ಇಲ್ಲ. ಆದ್ರೆ ಅಗ್ಗ. ಪ್ರೋಗ್ರಾಮಿನ ಖರ್ಚು ತಿಂಗಳಿಗೆ ಒಂದು ಕುಟುಂಬಕ್ಕೆ 880 ಡಾಲರ್ ಹತ್ತಿರ. ಅಂದ್ರೆ ಅದೇ ಕೆಲಸ ಕಮ್ಮಿ ದುಡ್ಡಿಗೆ, ಅಷ್ಟೇ. ಬಾಡಿಗೆ ಏರ್ತಾ ಇರೋ ಊರಲ್ಲಿ ಕೆಲವು ತಿಂಗಳು ಕೊಟ್ಟು ಕೈ ಬಿಟ್ರೆ ಆಮೇಲಿನ ಬಾಡಿಗೆ ಎಲ್ಲಿಂದ ಬರ್ಬೇಕು, ಸಂಬಳ ಅಷ್ಟರಲ್ಲಿ ಡಬಲ್ ಆಗಿರತ್ತಾ?

ಟ್ರಾನ್ಸಿಶನಲ್ ಹೌಸಿಂಗು ನಂಗೆ ಅತಿ ಹೆಚ್ಚು ನಿರಾಸೆ. ನೋಡೋಕೆ ಎಲ್ಲ ಇದೆ, ಸೂರು, ಪಾಠ, ಕೇಸ್ ವರ್ಕರ್. ಆದ್ರೆ ಒಳಗೆ ಬಿಟ್ಕೊಳ್ಳೋ ಮುಂಚೆ ನೂರೆಂಟು ಷರತ್ತು, ಆದಾಯ ಇದೆಯಾ, ಕುಡಿಯಲ್ವಾ, ಪೊಲೀಸ್ ಕೇಸ್ ಇದೆಯಾ, ಕೆಲವು ಕಡೆ ದೊಡ್ಡ ಹುಡುಗ ಇದ್ರೆ ಬೇಡ, ಗಂಡಸು ಇದ್ರೆ ಬೇಡ. ಡಯೆಟ್ ಮಾಡಿ ತೂಕ ಇಳಿಸ್ಕೊಂಡು ಬಂದ್ರೆ ಮಾತ್ರ ಜಿಮ್ಮಿಗೆ ಸೇರಿಸ್ಕೋತೀವಿ ಅಂದ ಹಾಗೆ. ಇಷ್ಟು ಸೋಸಿ ತಗೊಂಡ್ಮೇಲೂ ತಾಯಿ ಮಕ್ಕಳ ಆರೋಗ್ಯ, ಕೆಲಸ, ಮನಸ್ಸು ಯಾವುದರಲ್ಲೂ ಹೇಳ್ಕೊಳ್ಳೋ ಲಾಭ ಕಾಣ್ಲಿಲ್ಲ, ಶೆಲ್ಟರ್ ವಾಸ ಸ್ವಲ್ಪ ಕಡಿಮೆ ಆಗಿದ್ದು ಬಿಟ್ರೆ. ಖರ್ಚು ತಿಂಗಳಿಗೆ 2,700 ಡಾಲರ್.

ದುಡ್ಡಿನ ಅಧ್ಯಾಯ ಯಾರೂ ಬಿಡಬೇಡಿ. ಒಂದು ಕುಟುಂಬನ ಎಮರ್ಜೆನ್ಸಿ ಶೆಲ್ಟರ್‌ನಲ್ಲಿ ಒಂದು ತಿಂಗಳು ಇಟ್ಕೊಳ್ಳೋಕೆ ಸುಮಾರು 4,800 ಡಾಲರ್, ಅದೇ ವೋಚರ್‌ಗೆ 1,160 ಆಸುಪಾಸು. ನಾಲ್ಕು ಪಟ್ಟು! ಶೆಲ್ಟರ್ ಅಂದ್ರೆ 24 ಗಂಟೆ ಸಿಬ್ಬಂದಿ, ಸೆಕ್ಯುರಿಟಿ, ಅಡುಗೆ, ಸೇವೆಗಳು, ಅದಕ್ಕೆ ಅಷ್ಟು. ಜನ ಶೆಲ್ಟರ್ ಅಗ್ಗ, ಮನೆ ದುಬಾರಿ ಅನ್ಕೊಂಡಿರ್ತಾರೆ. ಹಾಗಂತ ವೋಚರ್ ಕೊಟ್ರೆ ಉಳಿತಾಯ ಅಂತ ಕುಣಿಯೋ ಹಾಗೂ ಇಲ್ಲ, ವೋಚರ್ ವರ್ಷಾನುಗಟ್ಟಲೆ ನಡೆಯತ್ತೆ, 37 ತಿಂಗಳ ಒಟ್ಟು ಲೆಕ್ಕದಲ್ಲಿ ಆ ಗುಂಪಿನ ಖರ್ಚು ವಿಶೇಷ ಏನೂ ಕೊಡದ ನಾಲ್ಕನೇ ಗುಂಪಿಗಿಂತ ಸುಮಾರು 9% ಜಾಸ್ತಿ. ಒಂಬತ್ತು ಪರ್ಸೆಂಟಿಗೆ ಇಷ್ಟು ಸಿಕ್ರೆ ನಾನಂತೂ ತಗೋತೀನಿ.

ಇನ್ನು ಕಂಪ್ಲೇಂಟು. ಬರವಣಿಗೆ ಒಣ ಒಣ, ಪ್ರತಿ ಸೇವೆಗೂ ಮೂರು ನಾಲ್ಕು ಅಕ್ಷರದ ಅಡ್ಡ ಹೆಸರು, ಹತ್ತು ಪೇಜ್ ದಾಟೋಷ್ಟರಲ್ಲಿ ಯಾವುದು ಯಾವುದು ಅಂತ ಮರ್ತು ಹಿಂದಕ್ಕೆ ತಿರುಗಿಸ್ಬೇಕು. ಫೋನಲ್ಲಂತೂ ಟೇಬಲ್ ಓದೋಕೆ ಆಗೋದೇ ಇಲ್ಲ, ಝೂಮ್ ಮಾಡಿದ್ರೆ ಕಾಲಮ್ ಹೆಸರು ಆಚೆ ಹೋಗತ್ತೆ. ಎಲ್ಲಾ ಊರಲ್ಲೂ ನಾಲ್ಕೂ ಸೇವೆ ಇರಲಿಲ್ಲ, ಹಾಗಾಗಿ ಪ್ರತಿ ಹೋಲಿಕೆಯಲ್ಲೂ ಕುಟುಂಬಗಳ ಸೆಟ್ ಸ್ವಲ್ಪ ಬೇರೆ, ವೋಚರ್ ಪಕ್ಕ ಟ್ರಾನ್ಸಿಶನಲ್ ಇಟ್ಟು ನೇರ ಕಳೆಯೋ ಲೆಕ್ಕ ಮಾಡ್ಬೇಡಿ, ಅದಕ್ಕೆ ಬೇರೆ ಟೇಬಲ್ಲೇ ಕೊಟ್ಟಿದಾರೆ. ಅಪ್ಪಂದಿರ ದನಿ ತುಂಬಾ ಕಡಿಮೆ.

ಮೆಚ್ಚಬೇಕಾದ್ದು ಅಂದ್ರೆ ಹುಡುಕಾಟ. ಮನೆ ಇಲ್ಲದೆ ಊರೂರು ಅಲೆಯೋ, ಫೋನ್ ನಂಬರ್ ತಿಂಗಳಿಗೊಂದು ಬದಲಾಗೋ ಜನರಲ್ಲಿ 37 ತಿಂಗಳ ಮೇಲೂ 78% ಕುಟುಂಬಗಳನ್ನ ಹುಡುಕಿ ಮಾತಾಡಿಸಿದಾರೆ. ಹೀಗೆ ವರ್ಷಗಟ್ಟಲೆ ಬೆನ್ನು ಬೀಳೋದು ಯಾಕೆ ಬೇಕು ಅನ್ನೋರಿಗೆ ಇನ್ನೊಂದು ಅಮೆರಿಕನ್ ಪ್ರಯೋಗ ನೆನಪು ಮಾಡ್ತೀನಿ, 1994ರಲ್ಲಿ ಶುರುವಾದ ಮೂವಿಂಗ್ ಟು ಆಪರ್ಚುನಿಟಿ. ಬಡ ಕೇರಿಯಿಂದ ಒಳ್ಳೆ ಏರಿಯಾಗೆ ಹೋಗೋಕೆ ವೋಚರ್ ಕೊಟ್ಟಿದ್ರು. ಸಂಪಾದನೆ ವಿಷಯದಲ್ಲಿ ದೊಡ್ಡವರಲ್ಲಿ ಏನೂ ಬದಲಾವಣೆ ಕಾಣ್ಲಿಲ್ಲ, ಎಲ್ಲರೂ ಫೇಲ್ ಅಂದ್ರು. ಎರಡು ದಶಕ ಕಳೆದು 2015ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಮಕ್ಕಳ ತೆರಿಗೆ ದಾಖಲೆ ನೋಡಿದ್ರೆ, 13 ವರ್ಷಕ್ಕಿಂತ ಮುಂಚೆ ಹೋದ ಮಕ್ಕಳು ದೊಡ್ಡವರಾದ್ಮೇಲೆ ಸುಮಾರು 31% ಜಾಸ್ತಿ ದುಡೀತಿದ್ರು. ಮೂರೇ ವರ್ಷಕ್ಕೆ ಫೈಲ್ ಮುಚ್ಚಿದ್ರೆ ಇದು ಯಾರಿಗೂ ಗೊತ್ತೇ ಆಗ್ತಿರಲಿಲ್ಲ.

ರೇಟಿಂಗ್: ರಿಪೋರ್ಟಿಗೆ ಐದಕ್ಕೆ ನಾಲ್ಕು, ಕಟ್ ಆಗಿದ್ದು ಆ ಅಡ್ಡ ಹೆಸರುಗಳಿಗೆ. ವೋಚರ್‌ಗೆ ನಾಲ್ಕೂವರೆ, ಅರ್ಧ ಕಟ್ ಆಗಿದ್ದು ಫೋನ್ ಇಡೋ ಓನರ್‌ಗಳಿಂದ. ರ‍್ಯಾಪಿಡ್‌ಗೆ ಎರಡೂವರೆ, ಟ್ರಾನ್ಸಿಶನಲ್‌ಗೆ ಒಂದೂವರೆ. ಓದೋರು ಮೊದಲು 37 ತಿಂಗಳದ್ದರ ಎಕ್ಸಿಕ್ಯೂಟಿವ್ ಸಮರಿ ಓದಿ, ಆಮೇಲೆ ಖರ್ಚಿನ ಅಧ್ಯಾಯ, ಮೆಥಡಾಲಜಿ ಆಮೇಲೆ ನೋಡ್ಕೋಬಹುದು. ಲ್ಯಾಪ್‌ಟಾಪಲ್ಲೇ ಓದಿ, ಇಲ್ಲಾ ಖರ್ಚಿನ ಪೇಜುಗಳನ್ನಾದ್ರೂ ಪ್ರಿಂಟ್ ತಗೊಳಿ.