ಹಳೇ ಜೀಪಿನ ಬಿಸಿ, ಮುಂಚಕ್ರದ ನಡುಕ: ಕುಶಾಲನಗರದ ಒಂದು ಗ್ಯಾರೇಜು

ಸಂಪಾಜೆ ಘಾಟಿ ಹತ್ತುವಾಗ ಜೀಪಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋದರೆ ಹೆಚ್ಚಿನ ಕಡೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ರೇಡಿಯೇಟರಿಗೆ ನೀರು ಬಿಡುವ ಕವಾಟ) ಕಿತ್ತೆಸೆದು ಕಳಿಸಿಬಿಡುತ್ತಾರೆ. ಕುಶಾಲನಗರದ ಈ ಗ್ಯಾರೇಜಿನಲ್ಲಿ ಹಾಗಿಲ್ಲ. ಅದನ್ನು ಬಿಸಿನೀರಿಗಿಳಿಸಿ, 82 ಡಿಗ್ರಿ ಆಸುಪಾಸಿನಲ್ಲಿ ಬಾಯಿ ಬಿಡುತ್ತದೋ ನೋಡಿಯೇ ಮುಂದಿನ ಮಾತು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್ ಮುಚ್ಚಳ ತೆಗೆದು ನೋಡುತ್ತಾರೆ: ಗುಳ್ಳೆ ನಿಲ್ಲದೆ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕು, ಹೆಡ್ ನಡುವಿನ ಸೀಲು) ಮೇಲೆ ಅನುಮಾನ. ಫ್ಯಾನ್ ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಬೇಕು, ಅಷ್ಟೇ.

ತೋಟದ ಜೀಪುಗಳಲ್ಲಿ ಬಹುಪಾಲು ತಪ್ಪು ರೇಡಿಯೇಟರಿನದೇ. ಹೊರಗೆ ಕೆಸರು, ಒಳಗೆ ತುಕ್ಕು. ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಕೊಳವೆಗಳಿಗೆ ಕಂಬಿ ತೂರಿಸಿ ಕೆರೆಯುತ್ತಾರೆ. ಆಮೇಲೆ ಕೂಲಂಟ್, ನೀರು ಸಮಸಮ. ಬರೀ ತೋಡಿನ ನೀರು ಸುರಿಯುವವರಿಗೆ ಬೈಗುಳ ಖಚಿತ!

ಮುಂಚಕ್ರದ ನಡುಕದ ಪರೀಕ್ಷೆ ಇನ್ನೂ ಚೆಂದ. ಚಕ್ರ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸುತ್ತಾರೆ. ಬ್ರೇಕ್ ಒತ್ತಿದಾಗ ಆ ಸಡಿಲದ ಆಟ ಮಾಯವಾದರೆ ತಪ್ಪು ವೀಲ್ ಬೇರಿಂಗಿನದು, ಉಳಿದರೆ ಕಿಂಗ್‌ಪಿನ್ನಿನದು (ಚಕ್ರ ಎಡಬಲ ತಿರುಗುವ ಕೀಲು). ಕಿಂಗ್‌ಪಿನ್ ಬೇರಿಂಗ್ ಬದಲಿಸಿ ಶಿಮ್ (ತೆಳು ಲೋಹದ ಹಾಳೆ) ಲೆಕ್ಕ ಹಾಕಿಯೇ ಬಿಗಿ ಮಾಡುತ್ತಾರೆ. ಟೈರಾಡ್ ಎಂಡ್ (ಸ್ಟೀರಿಂಗ್ ಸರಳಿನ ತುದಿಯ ಕೀಲು), ಪಟ್ಟಾ (ಸ್ಪ್ರಿಂಗ್) ಬುಶ್ ಸಹ ನೋಡದೆ ಬಿಡುವುದಿಲ್ಲ. ಟೋ-ಇನ್, ಅಂದರೆ ಮುಂಚಕ್ರಗಳು ಮುಂದೆ ಒಳಕ್ಕೆ ವಾಲುವ ಅಳತೆ, ಸುಮಾರು 2 ಮಿ.ಮೀ. ಇಡುತ್ತಾರೆ. ಸ್ಟೀರಿಂಗ್ ಡ್ಯಾಂಪರ್ (ನಡುಕ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿ ರೋಗ ಮುಚ್ಚುವ ಚಾಳಿ ಇಲ್ಲ.

ಕೊರತೆ? ಚಕ್ರದ ಬ್ಯಾಲೆನ್ಸಿಂಗ್ ಯಂತ್ರವಿಲ್ಲ, ಅದಕ್ಕೆ ಬೇರೆ ಅಂಗಡಿಗೆ ಹೋಗಬೇಕು. ಕಾಫಿ ಕೊಯ್ಲಿನ ಹೊತ್ತಲ್ಲಂತೂ ಕಾಯುತ್ತ ಕೂರುವ ಬದಲು ಜೀಪು ಅಲ್ಲೇ ಬಿಟ್ಟು ಬಸ್ ಹತ್ತುವುದೇ ವಾಸಿ.