ಆನ್‌ಲೈನ್ ಕಥೆ ಬರೆಯುವ ಕೋರ್ಸ್‌ಗೆ ಹಣ ಕಟ್ಟುವ ಮುನ್ನ ಇದನ್ನು ಓದಿ

ಕಥೆ, ಲೇಖನ ಬರೆಯುವುದನ್ನು ಆನ್‌ಲೈನ್‌ನಲ್ಲಿ ಕಲಿಸುತ್ತೇವೆ ಎನ್ನುವ ಸಂಸ್ಥೆಗಳನ್ನು ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ₹28,320ಕ್ಕೆ ಸಿಕ್ಕಿಹಾಕಿಕೊಂಡು ಬರೆಯುತ್ತಿದ್ದೇನೆ. ಹಣ ಹೋಗಿದ್ದು ಒಂದು ಕಡೆ ಇರಲಿ, ನನ್ನ ಕಥೆಯನ್ನು ಓದದೆಯೇ ಓದಿದ್ದೇವೆ ಎಂದರಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ದೂರು ನಡೆಯುತ್ತಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಇದೇ ಮಾತು, ಇದೇ ವರಸೆ ಬೇರೆ ಹೆಸರಿನಲ್ಲಿಯೂ ನಿಮ್ಮ ಮೊಬೈಲ್‌ಗೆ ಬರುತ್ತದೆ, ಆದ್ದರಿಂದ ವರಸೆಯನ್ನು ತಿಳಿದುಕೊಳ್ಳಿ.

ಶುರುವಾಗುವುದೇ ಹುಡುಕಾಟದಲ್ಲಿ. 'ಅತ್ಯುತ್ತಮ ಬರವಣಿಗೆ ಕೋರ್ಸ್‌ಗಳು, ಶುಲ್ಕ ಹೋಲಿಸಿ ನೋಡಿ' ಎಂಬ ಜಾಲತಾಣಗಳು ಮೊದಲು ಸಿಗುತ್ತವೆ. ಒಳಗೆ ಹೋದರೆ ಶುಲ್ಕ ಕಾಣುವುದಿಲ್ಲ. ಶುಲ್ಕ ನೋಡಲು ಹೆಸರು, ಮೊಬೈಲ್ ಸಂಖ್ಯೆ, ಒಟಿಪಿ ಕೊಡಬೇಕು. ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಕರೆಗಳು ಶುರು. ನಾನು ಹೆಸರೇ ಕೇಳದ ಸಂಸ್ಥೆಗಳಿಂದಲೂ ಕರೆ! ಅದು ನಮಗೆ ಕೋರ್ಸ್ ಹುಡುಕಿಕೊಡುವ ತಾಣವಲ್ಲ, ನಮ್ಮ ಸಂಖ್ಯೆಯನ್ನು ಸಂಸ್ಥೆಗಳಿಗೆ ಮಾರುವ ತಾಣ. ಪಟ್ಟಿಯಲ್ಲಿ ಮೇಲೆ ಕಾಣುವುದು ಒಳ್ಳೆಯ ಸಂಸ್ಥೆಯೆಂದು ಯಾರೂ ತಿಳಿಯಬೇಡಿ.

ನನಗೆ ಕರೆ ಮಾಡಿದ ಹುಡುಗಿ ತನ್ನನ್ನು 'ಕೌನ್ಸೆಲರ್' ಎಂದು ಪರಿಚಯಿಸಿಕೊಂಡಳು. ಸೊಗಸಾದ ಕನ್ನಡ. ಏನು ಬರೆಯುತ್ತೀರಿ, ಯಾಕೆ ಬರೆಯುತ್ತೀರಿ, ಮನೆಯಲ್ಲಿ ಯಾರಾದರೂ ಓದುತ್ತಾರೆಯೇ ಎಂದೆಲ್ಲ ಕೇಳಿದಳು. ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ತೀರ್ಥಹಳ್ಳಿಯಲ್ಲಿ ಸಹಕಾರ ಸಂಘದ ಲೆಕ್ಕ ಬರೆದು, ಮನೆಗೆ ಬಂದು ಅಡುಗೆ ಮುಗಿಸಿ, ರಾತ್ರಿ ಕಥೆ ಬರೆಯುವವಳು ನಾನು. "ಅನುಭವಿ ಲೇಖಕರು ನಿಮ್ಮ ಪ್ರತಿ ಕಥೆಯನ್ನೂ ಸಾಲು ಸಾಲಾಗಿ ಓದಿ ತಿದ್ದಿ ಕೊಡುತ್ತಾರೆ ಮೇಡಂ" ಎಂದಳು. ನಾನು ಹಣ ಕಟ್ಟಿದ್ದು ಈ ಒಂದೇ ಮಾತಿಗೆ. ವಿಡಿಯೊ ಪಾಠಕ್ಕಲ್ಲ, ಪ್ರಮಾಣಪತ್ರಕ್ಕಲ್ಲ. ಓದುವವರು ಸಿಗುತ್ತಾರೆ ಎಂದು.

'ಸರ್ಕಾರದ ಮಾನ್ಯತೆ ಇದೆ' ಎಂದು ಪತ್ರಗಳನ್ನೂ ಕಳಿಸಿದಳು. ಒಂದು ಉದ್ಯಮ್ ನೋಂದಣಿ, ಇನ್ನೊಂದು ಐಎಸ್‌ಒ 9001 ಎಂಬ ಗುಣಮಟ್ಟ ನಿರ್ವಹಣೆಯ ಪ್ರಮಾಣಪತ್ರ. ಉದ್ಯಮ್ ನೋಂದಣಿ ಸಣ್ಣ ಉದ್ದಿಮೆಗಳಿಗೆ ಉಚಿತವಾಗಿ ಸಿಗುವಂಥದ್ದು, ಹಿಟ್ಟಿನ ಗಿರಣಿಗೂ ಸಿಗುತ್ತದೆ. ಪಾಠದ ಗುಣಮಟ್ಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಐಎಸ್‌ಒ ಪ್ರಮಾಣಪತ್ರವನ್ನು ಐಎಸ್‌ಒ ಸಂಸ್ಥೆಯೇ ಕೊಡುವುದಿಲ್ಲ, ಬೇರೆ ಖಾಸಗಿ ಸಂಸ್ಥೆಗಳು ಕೊಡುತ್ತವೆ. ಇವೆರಡನ್ನೂ ಅಶೋಕ ಸ್ತಂಭದ ಚಿತ್ರದ ಪಕ್ಕದಲ್ಲಿಟ್ಟು ತೋರಿಸಿದರೆ ಯಾರಿಗಾದರೂ ಸರ್ಕಾರದ್ದೇ ಎನಿಸುತ್ತದೆ. ಎನಿಸಲಿ ಎಂದೇ ಹಾಗೆ ಇಟ್ಟಿರುವುದು.

ಕೋರ್ಸ್ ಮುಗಿದ ಮೇಲೆ 'ಐಎಸ್‌ಬಿಎನ್ ಇರುವ ಸಂಕಲನದಲ್ಲಿ ನಿಮ್ಮ ಕಥೆ' ಎಂಬ ಆಸೆಯನ್ನೂ ತೋರಿಸಿದರು, ಅದಕ್ಕೆ ಬೇರೆ ಶುಲ್ಕ. ಐಎಸ್‌ಬಿಎನ್ ಎಂದರೆ ಪುಸ್ತಕವನ್ನು ಗುರುತಿಸುವ ಒಂದು ಸಂಖ್ಯೆ, ಅಷ್ಟೇ. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಉಚಿತ. ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾರಾಮ್ ಮೋಹನ್ ರಾಯ್ ಏಜೆನ್ಸಿ ಅದನ್ನು ಕೊಡುತ್ತದೆ. ಉಚಿತವಾಗಿ ಸಿಗುವ ಒಂದು ಸಂಖ್ಯೆಯನ್ನು ಗೌರವದಂತೆ ನಮಗೆ ಮಾರುತ್ತಾರೆ.

ಶುಲ್ಕ ₹24,000, ಜೊತೆಗೆ ಶೇ 18 ಜಿಎಸ್‌ಟಿ. "ಇವತ್ತು ರಾತ್ರಿಯೊಳಗೆ ಮಾತ್ರ ಈ ದರ, ಎರಡೇ ಸೀಟು ಉಳಿದಿದೆ" ಎಂದರು. ವಿಡಿಯೊ ತೋರಿಸುವ ಕೋರ್ಸ್‌ಗೆ ಎಂಥ ಸೀಟು? ಹೀಗೆ ಸುಳ್ಳು ಅವಸರ ಹುಟ್ಟಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿಯೇ ನಿಷೇಧಿಸಿದೆ. ಒಟ್ಟಿಗೆ ಕಟ್ಟಲಾಗುವುದಿಲ್ಲ ಎಂದಾಗ "ಬಡ್ಡಿಯಿಲ್ಲದ ಕಂತು, ತಿಂಗಳಿಗೆ ₹2,360, ಹನ್ನೆರಡು ತಿಂಗಳು" ಎಂದರು. ಸಂಸ್ಥೆಗೆ ಕೊಡುವ ಕಂತು ಎಂಬಂತೆಯೇ ಮಾತಾಡಿದರು. ಅದು ನನ್ನ ಹೆಸರಿನಲ್ಲಿ ಒಂದು ಹಣಕಾಸು ಕಂಪನಿ ಕೊಟ್ಟ ಸಾಲ! ಸಂಸ್ಥೆಯ ಪಾಲಿನ ಹಣ ಸಂಸ್ಥೆಗೆ ಆಗಲೇ ಸಂದಾಯವಾಗಿತ್ತು. ಪಾಠ ಬಿಟ್ಟರೂ ಕಂತು ನಿಲ್ಲುವುದಿಲ್ಲ, ನಿಲ್ಲಿಸಿದರೆ, ಮುಂದೆ ಸಾಲ ಕೊಡುವವರು ನೋಡುವ ಸಿಬಿಲ್ ಅಂಕ ಇಳಿಯುತ್ತದೆ. ಇಂಥ ಡಿಜಿಟಲ್ ಸಾಲಗಳಿಂದ ಆರಂಭದ ಒಂದು ಅವಧಿಯೊಳಗೆ ದಂಡವಿಲ್ಲದೆ ಹೊರಬರಲು ರಿಸರ್ವ್ ಬ್ಯಾಂಕ್ ನಿಯಮ ಅವಕಾಶ ಕೊಟ್ಟಿದೆ. ಅದನ್ನು ನನಗೆ ಯಾರೂ ಹೇಳಲಿಲ್ಲ. ಗೊತ್ತಾಗುವ ಹೊತ್ತಿಗೆ ಆ ಅವಧಿ ಮುಗಿದಿತ್ತು.

ಪಾಠಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. 'ನೇರ ತರಗತಿ' ಎಂದಿದ್ದು ಮೊದಲೇ ಚಿತ್ರೀಕರಿಸಿದ ಹಳೆಯ ವಿಡಿಯೊ. ಪಾತ್ರ ಎಂದರೇನು, ಸಂಭಾಷಣೆ ಎಂದರೇನು, ಇಷ್ಟೇ. ಅದನ್ನೂ ಸಹಿಸಿಕೊಂಡೆ, ಕಥೆ ಓದುತ್ತಾರಲ್ಲ ಎಂದು.

ಕಥೆ ಕಳಿಸಿದೆ. ಕೊಳೆರೋಗ ಬಂದ ವರ್ಷದ ಅಡಿಕೆ ತೋಟ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ವಯಸ್ಸಾದ ಒಬ್ಬ ಕೊನೆಗಾರ, ಇನ್ನು ಮರ ಹತ್ತಬೇಡ ಎನ್ನುವ ಮಗ. ಎಷ್ಟೋ ರಾತ್ರಿ ಕೂತು ಬರೆದ ಕಥೆ ಅದು. ವಿಮರ್ಶೆ ಬಂತು. "ನಗರ ಜೀವನದ ಒಂಟಿತನವನ್ನು ತುಂಬಾ ಚೆನ್ನಾಗಿ ಚಿತ್ರಿಸಿದ್ದೀರಿ. ಅಜ್ಜಿಯ ಪಾತ್ರ ಹೃದಯಸ್ಪರ್ಶಿಯಾಗಿದೆ." ನನ್ನ ಕಥೆಯಲ್ಲಿ ನಗರವಿಲ್ಲ. ಅಜ್ಜಿಯೂ ಇಲ್ಲ. ನಾನೇ ತಪ್ಪಾದ ಕಥೆ ಕಳಿಸಿದೆನೇ ಎಂದು ತೆರೆದು ನೋಡಿದೆ. ಇಲ್ಲ, ನನ್ನದೇ ಕಥೆ. ಮೇಲೆ ನನ್ನದೇ ಹೆಸರು. ಕೋರ್ಸ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದ ಕಲಬುರಗಿಯ ಹುಡುಗನೊಬ್ಬನನ್ನು ಕೇಳಿದೆ. "ಅಕ್ಕಾ, ನನಗೂ ಇದೇ ಬಂದಿದೆ" ಎಂದು ತನ್ನದನ್ನು ಕಳಿಸಿದ. ಅಕ್ಷರ ಅಕ್ಷರವೂ ಒಂದೇ. ಅವನು ಕಳಿಸಿದ್ದು ಕಥೆಯೇ ಅಲ್ಲ, ಕವಿತೆ! ಕವಿತೆಗೂ ಅಜ್ಜಿಯ ಪಾತ್ರ!

ಆ ಕ್ಷಣ ಮೈಯೆಲ್ಲ ಬಿಸಿಯಾಯಿತು. ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ, ದೊಡ್ಡ ಲೇಖಕರು ನನ್ನ ಕಥೆ ಓದುತ್ತಾರೆ ಎಂದು. ನಾದಿನಿ ಊರೆಲ್ಲ ಹೇಳಿದ್ದಳು. ಮಾವ ಇವತ್ತಿಗೂ "ಆ ಬರೆಯುವ ಕ್ಲಾಸು ಎಲ್ಲಿಗೆ ಬಂತಮ್ಮ?" ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ನಾನು ಒಳಗೆ ಹೋಗಿಬಿಡುತ್ತೇನೆ.

ಇನ್ನು ಅವರ ಉತ್ತರಗಳು. ಮೊದಲನೆಯದು, "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು ಮೇಡಂ, ನಮ್ಮ ತಂಡ ಪರಿಶೀಲಿಸುತ್ತದೆ." ಆಮೇಲೆ, "ತಾಂತ್ರಿಕ ದೋಷದಿಂದ ಬೇರೆಯವರ ವಿಮರ್ಶೆ ನಿಮಗೆ ಬಂದಿರಬಹುದು." ಹಾಗಾದರೆ ನನ್ನದು ಕಳಿಸಿ ಎಂದೆ. ಮೂರು ಸಾಲು ಬಂತು. "ಅಡಿಕೆ ತೋಟದ ಹಿನ್ನೆಲೆ ಸೊಗಸಾಗಿದೆ. ಕೊನೆಯಲ್ಲಿ ನಾಯಕ ಊರು ಬಿಡುವ ನಿರ್ಧಾರ ಪರಿಣಾಮಕಾರಿಯಾಗಿದೆ." ನನ್ನ ಕೊನೆಗಾರ ಊರು ಬಿಡುವುದೇ ಇಲ್ಲ! ಮೊದಲ ಪ್ಯಾರಾ ನೋಡಿ ಉಳಿದದ್ದನ್ನು ಊಹಿಸಿದ್ದರು. ಅದನ್ನೂ ಬರೆದು ತಿಳಿಸಿದೆ. ಅದಕ್ಕೆ ಬಂದ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಸಾಹಿತ್ಯದಲ್ಲಿ ಒಬ್ಬೊಬ್ಬರದು ಒಂದೊಂದು ಓದು ಮೇಡಂ. ವಿಮರ್ಶೆಯನ್ನು ಸಕಾರಾತ್ಮಕವಾಗಿ ಸ್ವೀಕರಿಸುವುದನ್ನು ನೀವು ಕಲಿಯಬೇಕು."

ನಾನು ಕಲಿಯಬೇಕಂತೆ. ಓದದವರು ನನಗೆ ಓದಿನ ಪಾಠ ಹೇಳುತ್ತಾರೆ.

ಹಣ ವಾಪಸ್ ಕೇಳಿದೆ. "ನೀವು ಶೇ 20ಕ್ಕಿಂತ ಹೆಚ್ಚು ವಿಡಿಯೊ ನೋಡಿದ್ದೀರಿ, ಮರುಪಾವತಿ ಸಾಧ್ಯವಿಲ್ಲ" ಎಂದರು. ಕೋಚಿಂಗ್ ಸಂಸ್ಥೆಗಳ ಸುಳ್ಳು ಜಾಹೀರಾತಿನ ವಿರುದ್ಧ 2024ರಲ್ಲಿ ಬಂದ ಮಾರ್ಗಸೂಚಿ ಇದೆಯಲ್ಲ ಎಂದರೆ, "ನಮ್ಮದು ಸೃಜನಶೀಲ ಚಟುವಟಿಕೆ, ಅದು ನಮಗೆ ಅನ್ವಯಿಸುವುದಿಲ್ಲ" ಎಂಬ ಉತ್ತರ ಸಿದ್ಧವಾಗಿತ್ತು. ಆ ಮಾರ್ಗಸೂಚಿಯಲ್ಲಿ ಸೃಜನಶೀಲ ಚಟುವಟಿಕೆಗಳನ್ನು ಹೊರಗಿಟ್ಟಿರುವುದು ನಿಜ. ಆದರೆ ದಾರಿ ತಪ್ಪಿಸುವ ಜಾಹೀರಾತಿನ ವಿಷಯದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಎಲ್ಲಿಗೂ ಹೋಗಿಲ್ಲ. ಕೊನೆಗೆ "ಯಾವ ವ್ಯಾಜ್ಯವಿದ್ದರೂ ದೆಹಲಿಯ ನ್ಯಾಯಾಲಯದಲ್ಲಿ ಮಾತ್ರ" ಎಂದು ಹೆದರಿಸಿ, ಅದೇ ದಿನ ಗುಂಪಿನಿಂದ ನನ್ನನ್ನು ತೆಗೆದುಹಾಕಿದರು.

ಹೆದರಬೇಡಿ. ಗ್ರಾಹಕರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು ಎಂದು ಅದೇ ಕಾಯ್ದೆ ಹೇಳುತ್ತದೆ. ಕಟ್ಟಿದ ಹಣ ₹5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ನಾನು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಶಿವಮೊಗ್ಗದ ಆಯೋಗಕ್ಕೆ ಕಾಗದಗಳನ್ನು ಸಿದ್ಧ ಮಾಡುತ್ತಿದ್ದೇನೆ. ಸಾಲ ಕೊಟ್ಟ ಕಂಪನಿಗೂ ಬರೆದಿದ್ದೇನೆ. ಅವರು ಕಿವಿಗೊಡದಿದ್ದರೆ ಇಂಥ ದೂರುಗಳನ್ನು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಇದ್ದಾರೆ.

ಕಲಿಯಲೇಬೇಕು ಎನ್ನುವವರಿಗೆ ಒಂದೇ ಮಾತು. ಹಣ ಕಟ್ಟುವ ಮೊದಲು ಎರಡು ಪುಟ ಬರೆದು ಕಳಿಸಿ, ತಿದ್ದಿ ಕೊಡಿ ಎನ್ನಿ. ತಿದ್ದುವವರ ಹೆಸರು ಕೇಳಿ, ಅವರು ಬರೆದದ್ದನ್ನು ಹುಡುಕಿ ಓದಿ. ಇಷ್ಟಕ್ಕೆ ಒಪ್ಪದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬರೀ ಪಾಠ ಸಾಕು ಎನ್ನುವವರಿಗೆ ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಕಲಿಕಾ ತಾಣದಲ್ಲಿ ಉಚಿತ ಕೋರ್ಸ್‌ಗಳಿವೆ. ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಇಗ್ನೊ ಮುಕ್ತ ವಿಶ್ವವಿದ್ಯಾಲಯದ ಸೃಜನಶೀಲ ಬರವಣಿಗೆ ಡಿಪ್ಲೊಮಾ ಇದೆ. ಮೊದಲ ಪುಸ್ತಕದ ಕನಸಿರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರವೇ ಪ್ರೋತ್ಸಾಹಧನ ಕೊಡುತ್ತದೆ, ಸಂಕಲನಕ್ಕೆಂದು ಯಾರಿಗೂ ಹಣ ಕಟ್ಟಬೇಕಾಗಿಲ್ಲ.

ಈಗಾಗಲೇ ಹೀಗೆ ಸಿಕ್ಕಿಕೊಂಡಿರುವವರು ಗುಂಪಿನ ಸಂದೇಶಗಳನ್ನೂ ಬಂದ ವಿಮರ್ಶೆಗಳನ್ನೂ ಇವತ್ತೇ ಚಿತ್ರ ತೆಗೆದು ಇಟ್ಟುಕೊಳ್ಳಿ. ಪ್ರಶ್ನೆ ಕೇಳಿದ ಕೂಡಲೇ ಗುಂಪಿನಿಂದ ಹೊರಗೆ ಹಾಕುತ್ತಾರೆ, ಆಮೇಲೆ ಸಿಗುವುದಿಲ್ಲ. ನಿಮಗೂ ಆ 'ಅಜ್ಜಿಯ ಪಾತ್ರ' ಬಂದಿದ್ದರೆ ದಯವಿಟ್ಟು ನನಗೆ ತಿಳಿಸಿ. ಕಲಬುರಗಿಯ ಹುಡುಗ ತನ್ನ ಪ್ರತಿಯನ್ನು ಕೊಡಲು ಒಪ್ಪಿದ್ದಾನೆ. ದೂರಿನ ಜೊತೆ ಇಡಲು ಇನ್ನೂ ಕೆಲವು ಪ್ರತಿಗಳು ಬೇಕು.